ಬರೆಯುವ ವಿಷಯವನ್ನು ಓದುಗರ ಹುಡುಕಾಟದಲ್ಲೇ ಕಂಡುಕೊಂಡ ಬಗೆ

ಕುಂಡದ ಗಿಡಗಳ ಆರೈಕೆಯ ಬಗ್ಗೆ ಹಲವು ವರ್ಷಗಳಿಂದ ಬ್ಲಾಗ್ ಬರೆಯುತ್ತಿರುವ ನಾನು, ಮುಂದೇನು ಬರೆಯಬೇಕೆಂದು ತಿಳಿಯಲು ಮೊದಲು ತೆರೆಯುವುದು ಗೂಗಲ್ ಸರ್ಚ್ ಕನ್ಸೋಲನ್ನು. ಜನರು ಏನನ್ನು ಹುಡುಕಿದಾಗ ನಮ್ಮ ಪುಟ ಅವರಿಗೆ ಕಾಣಿಸಿತು, ಎಷ್ಟು ಸಲ ಅದನ್ನು ಕ್ಲಿಕ್ ಮಾಡಿದರು ಎಂಬ 16 ತಿಂಗಳವರೆಗಿನ ವಿವರ ಅಲ್ಲಿ ಉಚಿತವಾಗಿ ಸಿಗುತ್ತದೆ. ಹೆಚ್ಚು ಸಲ ಕಾಣಿಸಿಕೊಂಡೂ ಕ್ಲಿಕ್ ಪಡೆಯದ ಹುಡುಕಾಟಗಳ ಮೇಲೆಯೇ ನನ್ನ ಗಮನ. ಅವರಿಗೆ ಬೇಕಾದದ್ದರ ಹತ್ತಿರಕ್ಕೆ ನನ್ನ ಲೇಖನ ಬಂದಿದೆ, ಆದರೆ ನೇರ ಉತ್ತರ ಕೊಟ್ಟಿಲ್ಲ ಎಂಬುದನ್ನು ಅವು ಅನೇಕ ಬಾರಿ ತೋರಿಸಿಕೊಟ್ಟಿವೆ.

ನೀರುಣಿಸುವ ಕುರಿತ ನನ್ನ ಹಳೆಯ ಲೇಖನವೊಂದು "ಹೊಸ ಎಲೆ ಹಳದಿ ಆಗೋದು ಯಾಕೆ" ಎಂಬ ಹುಡುಕಾಟಕ್ಕೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಸಾರಜನಕ ಕಡಿಮೆಯಾದಾಗ ಗಿಡವು ಹಳೆಯ ಎಲೆಗಳಲ್ಲಿರುವುದನ್ನು ಚಿಗುರಿಗೆ ಸಾಗಿಸುವುದರಿಂದ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ. ಕಬ್ಬಿಣವು ಹಾಗೆ ಸುಲಭವಾಗಿ ಸಾಗದ ಕಾರಣ ಅದರ ಕೊರತೆ ಹೊಸ ಎಲೆಗಳಲ್ಲೇ ಮೊದಲು ಕಾಣುತ್ತದೆ, ಅಲ್ಲಿ ನರಗಳು ಹಸಿರಾಗಿ ಉಳಿದು ನಡುವಿನ ಭಾಗ ಮಾತ್ರ ಬಣ್ಣಗೆಡುತ್ತದೆ. ಈ ಒಂದು ವ್ಯತ್ಯಾಸವನ್ನೇ ಹಿಡಿದು ಹೊಸ ಲೇಖನ ಬರೆದೆ. ಎರಡೂ ಬಗೆಯ ಎಲೆಗಳನ್ನು ಅಕ್ಕಪಕ್ಕ ಇಟ್ಟು ತೆಗೆದ ಚಿತ್ರ ಇನ್‌ಸ್ಟಾಗ್ರಾಮ್‌ಗೆ ಹೋಯಿತು. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಕ್ಷಾರತೆ ಹೆಚ್ಚಿದಾಗ ಗಿಡಕ್ಕೆ ಅದು ದಕ್ಕದಿರುವುದು ಮುಂದಿನ ಲೇಖನದ ವಿಷಯವಾಯಿತು.

ತೀರಾ ಕೆಲವರೇ ಹುಡುಕಿದ ಪದಗಳನ್ನು ಸರ್ಚ್ ಕನ್ಸೋಲ್ ಖಾಸಗಿತನದ ದೃಷ್ಟಿಯಿಂದ ತೋರಿಸುವುದಿಲ್ಲ. ಆ ಕೊರತೆಯನ್ನು ಕಾಮೆಂಟುಗಳೂ ಸಂದೇಶಗಳೂ ತುಂಬಿಕೊಡುತ್ತವೆ; ಅವುಗಳಲ್ಲಿನ ಪ್ರಶ್ನೆಗಳನ್ನು ತಿದ್ದದೆ, ಕೇಳಿದವರ ಮಾತಿನಲ್ಲೇ ಬರೆದಿಟ್ಟುಕೊಳ್ಳುತ್ತೇನೆ, ಏಕೆಂದರೆ ಒಳ್ಳೆಯ ಶೀರ್ಷಿಕೆ ಎಷ್ಟೋ ಸಲ ಅಲ್ಲೇ ಇರುತ್ತದೆ.

ಯಾವಾಗ ಪ್ರಕಟಿಸಬೇಕೆಂಬುದಕ್ಕೆ, ಒಂದು ವಿಷಯದ ಹುಡುಕಾಟ ಯಾವಾಗ ಏರಿತು, ಯಾವಾಗ ಇಳಿಯಿತು ಎಂದು ತೋರಿಸುವ ಗೂಗಲ್ ಟ್ರೆಂಡ್ಸ್ ಸಾಕು. ಅದರಲ್ಲಿ 100 ಎಂದರೆ ಆಯ್ದ ಅವಧಿಯಲ್ಲಿ ಆಸಕ್ತಿ ಅತಿ ಹೆಚ್ಚಿದ್ದ ಸಮಯವೇ ಹೊರತು ಹುಡುಕಿದವರ ಸಂಖ್ಯೆಯಲ್ಲ ಎಂಬುದನ್ನು ಮರೆಯಬಾರದು. 5 ವರ್ಷಗಳ ನಕ್ಷೆಯನ್ನು ತೆರೆದರೆ ಪ್ರತಿವರ್ಷ ಆಸಕ್ತಿ ಯಾವಾಗ ಏರುತ್ತದೆಂದು ಕಾಣುತ್ತದೆ. ಅದಕ್ಕೆ ಕೆಲವು ವಾರ ಮೊದಲೇ ಲೇಖನ ಸಿದ್ಧವಿರಬೇಕು.

ಇತರರ ಜನಪ್ರಿಯ ಪೋಸ್ಟ್‌ಗಳನ್ನು ನೋಡಿ ವಿಷಯ ಆರಿಸುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಸಿಗುವುದು ಈಗಾಗಲೇ ಉತ್ತರ ಪಡೆದ ಪ್ರಶ್ನೆ. ಹಾಗೆಯೇ, ನನ್ನ ಕುಂಡಗಳಲ್ಲಿ ನಾನೇ ಪರೀಕ್ಷಿಸಿ ನೋಡಲಾಗದ ಪ್ರಶ್ನೆಯನ್ನು, ಅದನ್ನು ಎಷ್ಟೇ ಜನ ಹುಡುಕುತ್ತಿದ್ದರೂ, ಪಟ್ಟಿಯಿಂದ ತೆಗೆದುಬಿಡುತ್ತೇನೆ.