ತುದಿಗೇರಿ ಸಾಯುವ ಹುಳು: ಕಡಲೆ ಹೊಲದಲ್ಲಿ ನನ್ನ ಅನುಭವ

ಕಡಲೆಯ ಕಾಯಿಕೊರಕ ಹುಳು ಚೆನ್ನಾಗಿ ಬಲಿತ ಮೇಲೆ ಗಿಡದಿಂದ ಕೆಳಗಿಳಿದು ಮಣ್ಣು ಸೇರುತ್ತದೆ, ಅಲ್ಲೇ ಕೋಶವಾಗುತ್ತದೆ. ಎನ್‌ಪಿವಿ ಎಂಬ ನಂಜಾಣು (ವೈರಸ್) ತಗುಲಿದ ಹುಳು ಇದಕ್ಕೆ ತದ್ವಿರುದ್ಧ. ಅದು ಮೇಲೆ ಹತ್ತುತ್ತದೆ. ತುದಿಯ ಎಲೆಗೆ ಮೋಟುಗಾಲುಗಳಿಂದ ಗಟ್ಟಿಯಾಗಿ ಕಚ್ಚಿಕೊಂಡು, ತಲೆಕೆಳಗಾಗಿ ಜೋತುಬಿದ್ದು ಸಾಯುತ್ತದೆ. ನನ್ನ ಹೊಲದಲ್ಲಿ ನಾನು ಕೀಟನಾಶಕದ ಡಬ್ಬಿ ಮುಟ್ಟುವುದನ್ನು ಬಹುಮಟ್ಟಿಗೆ ಬಿಟ್ಟಿದ್ದು ಈ ಹತ್ತುವಿಕೆಯನ್ನು ಗಮನಿಸಲು ಕಲಿತ ಮೇಲೆ.

ನಾನು ವಿಜಯಪುರ ಕಡೆಯವನು. ಪುಣೆಗೆ ಬಂದು ನೆಲೆಸಿ, ದಿವೆ ಘಾಟಿನ ಆಚೆ ಸಾಸವಡದ ಹತ್ತಿರ ಹೊಲ ಮಾಡುತ್ತೇನೆ. ಹಿಂಗಾರಿಗೆ ಕಡಲೆ. ಇಲ್ಲಿಯವರು ಈ ಹುಳುವನ್ನು ಘಾಟೆ ಅಳಿ ಅನ್ನುತ್ತಾರೆ. ಪುರಂದರ ತಾಲೂಕಿನ ಹೆಸರಾಂತ ವಟಾಣಿಗೂ, ತೊಗರಿಗೂ, ಟೊಮೆಟೊಗೂ ಇದರದೇ ಕಾಟ.

ಕಳೆ ತೆಗೆಯಲು ಬರುವವರಲ್ಲಿ ಇಂಡಿ ಕಡೆಯ ಒಬ್ಬ ಅಜ್ಜಿ ಇದ್ದಾರೆ. ಜೋತುಬಿದ್ದ ಹುಳು ತೋರಿಸಿ ಒಮ್ಮೆ ಹೇಳಿದರು: “ತಮ್ಮಾ, ಈ ಹುಳಕ್ಕ ಏನೋ ಬಡದೈತಿ ನೋಡು. ಚಲೋ ಇದ್ದ ಹುಳ ಹಿಂಗ ಬಿಸಿಲಾಗ ತುದಿಗಿ ಬಂದು ಕುಂದರತೈತೇನು? ಹಕ್ಕಿ ಬಿಡ್ತಾವೇನು?”

“ಖರೇನ ಐತಿ ಆಯಿ. ಅದರ ಹೊಟ್ಯಾಗಿನ ರೋಗನ ಅದನ್ನ ಹತ್ತಸತೈತಿ” ಅಂದೆ.

ಇದು ಉತ್ಪ್ರೇಕ್ಷೆಯಲ್ಲ. ಯುರೋಪು, ಅಮೆರಿಕಗಳ ಕಾಡಿನ ಜಿಪ್ಸಿ ಪತಂಗದ ಮರಿಹುಳು ಹಗಲಲ್ಲಿ ಮರದಿಂದ ಕೆಳಗಿಳಿದು ಅಡಗುತ್ತದೆ. ಇದೇ ಗುಂಪಿನ ನಂಜಾಣು ತಗುಲಿದರೆ ಇಳಿಯದೆ ಮೇಲೆಯೇ ಸಾಯುತ್ತದೆ. ಇದರ ಹಿಂದೆ ನಂಜಾಣುವಿನ ಒಂದೇ ಒಂದು ವಂಶವಾಹಿ ಇದೆ ಎಂದು ಅಮೆರಿಕದ ಕೀಟತಜ್ಞೆ ಕೆಲ್ಲಿ ಹೂವರ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು. ಇಜಿಟಿ ಎಂಬ ಆ ವಂಶವಾಹಿ ತಯಾರಿಸುವ ಕಿಣ್ವ, ಹುಳು ಪೊರೆ ಕಳಚಲು ಬೇಕಾದ ಹಾರ್ಮೋನನ್ನು ನಿಷ್ಕ್ರಿಯ ಮಾಡುತ್ತದೆ. ನಮ್ಮ ಕಾಯಿಕೊರಕದ ಮೇಲೆಯೇ ಚೀನಾದಲ್ಲಿ ನಡೆದ ಸಂಶೋಧನೆ 2022ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ರೋಗ ತಗುಲಿದ ಹುಳುವಿಗೆ ಬೆಳಕಿನ ಸೆಳೆತ ಹೆಚ್ಚುತ್ತದೆ. ಬೆಳಕು ಮೇಲಿದ್ದರೆ ಹತ್ತುತ್ತದೆ, ಕತ್ತಲಲ್ಲಿಟ್ಟರೆ ಹತ್ತುವುದಿಲ್ಲ. ನಂಜಾಣು ಹುಳುವಿನ ದೃಷ್ಟಿಯನ್ನೇ ತನ್ನ ಕೆಲಸಕ್ಕೆ ದುಡಿಸಿಕೊಳ್ಳುತ್ತದೆ ಎಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುವ ಸಂಗತಿ. ರಾಮನಗರ ಕಡೆ ರೇಷ್ಮೆ ಸಾಕುವವರಿಗೆ ಇದರ ದಾಯಾದಿ ರೋಗ ಚೆನ್ನಾಗಿ ಗೊತ್ತು. ಹಾಲುತೊಂಡೆ ಬಂದ ಹುಳು ತಟ್ಟೆಯ ಅಂಚಿನಲ್ಲಿ ಚಡಪಡಿಸುತ್ತ ಹರಿದಾಡುತ್ತದಲ್ಲ, ಅದೂ ಎನ್‌ಪಿವಿಯೇ.

ತುದಿಯಲ್ಲೇ ಸಾಯಿಸುವುದರಿಂದ ನಂಜಾಣುವಿಗೆ ಲಾಭವಿದೆ. ಸತ್ತ ಹುಳುವಿನ ಒಳಗೆಲ್ಲ ಕರಗಿ ನೀರಾಗುತ್ತದೆ, ಚರ್ಮ ಒಡೆಯುತ್ತದೆ, ಕೋಟಿಗಟ್ಟಲೆ ನಂಜಾಣು ಹರಳುಗಳು ಕೆಳಗಿನ ಎಲೆಗಳ ಮೇಲೆ ಸೋರುತ್ತವೆ. ಆ ಎಲೆ ತಿಂದ ಹುಳುವಿನ ಕ್ಷಾರಗುಣದ ಕರುಳಿನಲ್ಲಿ ಹರಳು ಕರಗಿ ರೋಗ ಮತ್ತೆ ಶುರುವಾಗುತ್ತದೆ. ಹಕ್ಕಿ ಕುಕ್ಕಿ ತಿಂದರೂ ನಂಜಾಣುವಿಗೆ ನಷ್ಟವಿಲ್ಲ, ಹಿಕ್ಕೆಯ ಮೂಲಕ ಇನ್ನೊಂದು ಸಾಲಿಗೆ ಹೋಗುತ್ತದೆ. ಅದಕ್ಕೇ ನಾನು ಹೊಲದಲ್ಲಿ ಕವಲುಕೋಲು ನೆಡುತ್ತೇನೆ. ಕಾಜಾಣ, ಗೊರವಂಕಗಳು ಬಂದು ಕೂರುತ್ತವೆ.

ಇನ್ನು ಕೆಲಸದ ಮಾತು. ರೋಗ ಬಂದ ಹುಳುಗಳಿಂದಲೇ ನಾನು ಸಿಂಪಡಣೆಯ ದ್ರಾವಣ ತಯಾರಿಸುತ್ತೇನೆ. ಹುಳು ಆರಿಸಲು ನಾನು ಬೆಳಿಗ್ಗೆ ಬೇಗ ಹೋಗುತ್ತೇನೆ, ತುದಿ ಎಲೆಗಳನ್ನಷ್ಟೇ ನೋಡುತ್ತೇನೆ. ಬಣ್ಣ ಮಾಸಿ, ಹೊಟ್ಟೆಯಡಿ ಬೆಳ್ಳಗಾಗಿ, ಮುಟ್ಟಿದರೆ ನಿಧಾನವಾಗಿ ಅಲುಗುವ ಹುಳು ಬೇಕು. ಕಪ್ಪಾಗಿ ಒಡೆದದ್ದರಲ್ಲಿ ಸರಕು ಆಗಲೇ ಸೋರಿಹೋಗಿರುತ್ತದೆ, ಅದನ್ನು ಗಿಡದಲ್ಲೇ ಬಿಡಬೇಕು. ಎಲ್ಲವನ್ನೂ ಆರಿಸಿಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಪುಕ್ಕಟೆ ಸಿಂಪಡಣೆ ಮಾಡುತ್ತಿರುವುದನ್ನು ಕಿತ್ತು ತಂದಂತೆ ಅದು. ಸಾಲಿಗೆ ಕೆಲವನ್ನಾದರೂ ಉಳಿಸಿ.

ಇನ್ನೂ ಜೀವವಿರುವ ಹುಳುಗಳನ್ನು ಒಂದೊಂದು ಸಣ್ಣ ಡಬ್ಬಿಯಲ್ಲಿ ಒಂದೊಂದರಂತೆ ಇಡಬೇಕು, ಒಟ್ಟಿಗಿಟ್ಟರೆ ಒಂದನ್ನೊಂದು ತಿನ್ನುತ್ತವೆ. ಸತ್ತ ಮೇಲೆ ನೀರಿನಲ್ಲಿ ಹಾಕಿ ಕೆಲವು ದಿನ ಕೊಳೆಯಲು ಬಿಟ್ಟು, ಅರೆದು, ತೆಳು ಬಟ್ಟೆಯಲ್ಲಿ ಸೋಸುತ್ತೇನೆ. ವಾಸನೆ ಘೋರ. ಈ ನಂಜಾಣು ಮನುಷ್ಯರಿಗೂ ದನಕ್ಕೂ ಜೇನಿಗೂ ತಗುಲುವುದಿಲ್ಲ, ಆದರೆ ಕೊಳೆತದ್ದರಲ್ಲಿ ಬೇರೆ ಸೂಕ್ಷ್ಮಾಣುಗಳು ಇರುವುದರಿಂದ ಕೈಗವಸು ಬೇಕೇ ಬೇಕು.

ಶಿಫಾರಸು ಹೆಕ್ಟೇರಿಗೆ 250 ಎಲ್.ಇ. (ಲಾರ್ವಲ್ ಇಕ್ವಿವಲೆಂಟ್, ಒಂದು ರೋಗದ ಹುಳುವಿನಲ್ಲಿ ಸಿಗುವಷ್ಟು ನಂಜಾಣು), ಅಂದರೆ ಎಕರೆಗೆ 100. ಪೂರ್ತಿ ಬಲಿತ ಹುಳುವಿನ ಲೆಕ್ಕ ಅದು. ಹೊಲದಲ್ಲಿ ಸಿಗುವವು ಹೆಚ್ಚಾಗಿ ಸಣ್ಣವು, ಹಾಗಾಗಿ ನಾನು ಅದಕ್ಕಿಂತ ಹೆಚ್ಚು ಹುಳು ಅರೆಯುತ್ತೇನೆ. ಲೀಟರ್ ನೀರಿಗೆ 5 ಗ್ರಾಂ ಬೆಲ್ಲ ಹಾಕಿದರೆ ಹುಳು ಚೆನ್ನಾಗಿ ತಿನ್ನುತ್ತದೆ. ಬಟ್ಟೆಗೆ ಹಾಕುವ ನೀಲಿಯನ್ನೂ ಚೂರು ಬೆರೆಸುತ್ತೇನೆ, ಬಿಸಿಲಿನ ಅತಿನೇರಳೆ ಕಿರಣ ನಂಜಾಣುವನ್ನು ಬೇಗ ಕೆಡಿಸುವುದರಿಂದ. ಅದೇ ಕಾರಣಕ್ಕೆ ಸಿಂಪಡಣೆ ಹೊತ್ತು ಇಳಿದ ಮೇಲೆಯೇ.

ಕಡಲೆ ಎಲೆಯೂ ನಂಜಾಣುವಿನ ಬಲ ಕುಗ್ಗಿಸುತ್ತದೆ, ಆದ್ದರಿಂದ ಒಂದೇ ಸಲ ಹೊಡೆದು ಸುಮ್ಮನಾಗುವಂತಿಲ್ಲ. ಹೂ ಬಿಡುವಾಗಲೇ, ಮರಿಗಳು ಸಣ್ಣವಿರುವಾಗಲೇ ಮೊದಲ ಸಿಂಪಡಣೆ ಆಗಬೇಕು. ದೊಡ್ಡ ಹುಳು ಬೇಗ ಬಗ್ಗುವುದಿಲ್ಲ, ಸಾಯುವವರೆಗೂ ಕಾಯಿ ತಿನ್ನುತ್ತಲೇ ಇರುತ್ತದೆ. ಹೊಡೆದ ಮರುದಿನ ಹುಳು ಓಡಾಡುವುದನ್ನು ಕಂಡು ಔಷಧಿ ಅಂಗಡಿಗೆ ಓಡಬೇಡಿ. ಐದರಿಂದ ಏಳು ದಿನ ಕಾದು, ಬೆಳಿಗ್ಗೆ ತುದಿ ಎಲೆಗಳನ್ನು ನೋಡಿ.

ಇದೇ ದ್ರಾವಣವನ್ನು ತೊಗರಿ, ಟೊಮೆಟೊ, ವಟಾಣಿಗೂ ಹೊಡೆಯಬಹುದು, ಅಲ್ಲಿರುವುದು ಇದೇ ಹುಳುವಾದರೆ ಮಾತ್ರ. ಶೇಂಗಾ, ಸೋಯಾಬೀನಿನ ಎಲೆ ತಿನ್ನುವ ಸ್ಪೋಡಾಪ್ಟೆರಾ ಎಂಬ ಹುಳುವಿಗೆ ಇದು ನಾಟುವುದಿಲ್ಲ. ಅದರ ನಂಜಾಣುವೇ ಬೇರೆ, ಅದನ್ನು ಆ ಹುಳುವಿನಿಂದಲೇ ತಯಾರಿಸಬೇಕು.