60 ಸೆಕೆಂಡ್ ಆಯಿಲ್ ಅಂದ್ರೆ ಎಷ್ಟು ನಂಬರ್?

ತುಮಕೂರಿನ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಮೆಷಿನ್ ಶಾಪಿನಲ್ಲಿ ಮೇಂಟೆನೆನ್ಸ್ ನನ್ನ ಕೆಲಸ. ನಮ್ಮ ಮೆಷಿನ್‌ಗಳಲ್ಲಿ ಅರ್ಧಕ್ಕರ್ಧ ಹಳೆಯವು, ಸೆಕೆಂಡ್ ಹ್ಯಾಂಡಿನಲ್ಲಿ ತಂದವು. ಒಂದೊಂದರ ಪ್ಲೇಟಿನ ಮೇಲೂ ಆಯಿಲಿನ ಲೆಕ್ಕ ಒಂದೊಂದು ಥರ. ಅಂಗಡಿಯವರು ಕೇಳೋದು ಮಾತ್ರ 32, 46, 68 ಅಂತ ನಂಬರ್.

ಆ ನಂಬರ್ ಅಂದರೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಆಯಿಲ್ ಎಷ್ಟು ಗಟ್ಟಿ, ಅಂದರೆ ಹರಿಯೋಕೆ ಎಷ್ಟು ನಿಧಾನ ಅನ್ನೋದು, ಸೆಂಟಿಸ್ಟೋಕ್ ಲೆಕ್ಕದಲ್ಲಿ. ಶೇಕಡಾ 10 ಆಚೀಚೆ ಇರಬಹುದು. ಹಾಗಾಗಿ 68 ನಂಬರ್ ಆಯಿಲ್ 61.2ರಿಂದ 74.8ರ ಒಳಗೆ ಎಲ್ಲಾದರೂ ಇರುತ್ತೆ. ಸೆಂಟಿಸ್ಟೋಕ್ ಅಂದರೆ ಸೆಕೆಂಡಿಗೆ ಒಂದು ಚದರ ಮಿಲಿಮೀಟರ್. 100 ಸೇರಿದರೆ ಒಂದು ಸ್ಟೋಕ್. ಅದು ಪೈಸೆ ರೂಪಾಯಿ ಲೆಕ್ಕ, ಕಷ್ಟವೇನಿಲ್ಲ. ಕಷ್ಟ ಇರೋದು ಸೆಕೆಂಡುಗಳಲ್ಲಿ.

ನಮ್ಮ ಹೈಡ್ರಾಲಿಕ್ ಪ್ರೆಸ್ಸಿನ ಪ್ಲೇಟಿನಲ್ಲಿ '315 ಸೇಬೋಲ್ಟ್ ಸೆಕೆಂಡ್, 100 ಫ್ಯಾರನ್‌ಹೀಟ್' ಅಂತಿತ್ತು. ಆಗ ನಮ್ಮಲ್ಲಿದ್ದ ಹಿರಿಯ ಫಿಟ್ಟರ್ ಒಬ್ಬರು, "4.63ರಿಂದ ಭಾಗಿಸಪ್ಪ, ಸೆಂಟಿಸ್ಟೋಕ್ ಬರುತ್ತೆ" ಅಂದರು. ಭಾಗಿಸಿದೆ, ಸರಿಯಾಗಿ 68 ಬಂತು. ಆ ಆಯಿಲ್ ತುಂಬಿಸಿದೆವು. ಪ್ರೆಸ್ ಚೆನ್ನಾಗಿ ನಡೆಯಿತು. 4.63 ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಆಮೇಲೆ ಒಂದು ಗ್ರೈಂಡಿಂಗ್ ಮೆಷಿನ್ ಬಂತು. ಸ್ಪಿಂಡಲ್ಲಿಗೆ 60 ಸೆಕೆಂಡಿನ ಆಯಿಲ್ ಹಾಕಬೇಕು ಅಂತ ಬರೆದಿತ್ತು. 60ನ್ನು 4.63ರಿಂದ ಭಾಗಿಸಿದರೆ 13 ಹತ್ತಿರ. ಅದಕ್ಕೆ ಸಮೀಪದ 15 ನಂಬರ್ ತಂದು ಹಾಕಿದೆ. ಅರ್ಧ ಗಂಟೆಯಲ್ಲಿ ಸ್ಪಿಂಡಲ್ ಹೆಡ್ ಕೈ ಇಡೋಕೆ ಆಗದಷ್ಟು ಬಿಸಿ. ನಿಲ್ಲಿಸಿ ಬೆಲ್ಟ್ ಬಿಗಿ ನೋಡಿದೆ, ಬೇರಿಂಗ್ ಬಿಚ್ಚಿ ನೋಡಿದೆ. ಎಲ್ಲ ಸರಿಯಾಗಿಯೇ ಇತ್ತು. ಎರಡು ದಿನ ಹೋಯಿತು. ಕೊನೆಗೆ ಅನುಮಾನ ಬಂದಿದ್ದು ಆ 13ರ ಮೇಲೆ.

ಸೇಬೋಲ್ಟ್ ಸೆಕೆಂಡ್ ಅಂದರೆ 60 ಮಿಲಿಲೀಟರ್ ಆಯಿಲ್ ಒಂದು ಸಣ್ಣ ತೂತಿನಿಂದ ಇಳಿಯೋಕೆ ಎಷ್ಟು ಹೊತ್ತು ಬೇಕು ಅನ್ನೋ ಎಣಿಕೆ, ಅಷ್ಟೇ. ಲಾಳಿಕೆಯಲ್ಲಿ ಅಂಬಲಿ ಸುರಿದರೆ ನಿಧಾನ, ಮಜ್ಜಿಗೆ ಸುರಿದರೆ ಬೇಗ. ಆದರೆ ಮಜ್ಜಿಗೆ ಎಷ್ಟೇ ನೀರಾಗಿದ್ದರೂ ಇಳಿಯೋಕೆ ಒಂದಿಷ್ಟು ಹೊತ್ತು ಬೇಕೇ ಬೇಕು ಅಲ್ವಾ? ಇಲ್ಲೂ ಹಾಗೇ. 2 ಸೆಂಟಿಸ್ಟೋಕೂ ಇಲ್ಲದ ತೆಳು ಆಯಿಲಿಗೂ 32 ಸೆಕೆಂಡ್ ಹಿಡಿಯುತ್ತೆ. 4.63ರಿಂದ ಭಾಗಿಸಿದರೆ ಅದು 7 ಅಂತ ತೋರಿಸುತ್ತೆ. ತೆಳುವಾದಷ್ಟೂ ಆ ಲೆಕ್ಕ ಜಾಸ್ತಿ ದಾರಿ ತಪ್ಪಿಸುತ್ತೆ.

ಸರಿಯಾದ ಲೆಕ್ಕ ಹೀಗೆ. 32ರಿಂದ 100 ಸೆಕೆಂಡಿನವರೆಗೆ, ಸೆಕೆಂಡನ್ನು 0.226ರಿಂದ ಗುಣಿಸಿ. 195ನ್ನು ಅದೇ ಸೆಕೆಂಡಿನಿಂದ ಭಾಗಿಸಿ, ಬಂದದ್ದನ್ನು ಕಳೆಯಿರಿ. 60ಕ್ಕೆ 13.56ರಲ್ಲಿ 3.25 ಕಳೆದರೆ 10.31. ಅಂದರೆ ಬೇಕಿದ್ದದ್ದು 10 ನಂಬರ್! ನಾನು ಹಾಕಿದ್ದು ಅದಕ್ಕಿಂತ ಗಟ್ಟಿ, ಅದಕ್ಕೇ ಆ ಬಿಸಿ. ನೂರು ದಾಟಿದರೆ 0.226ರ ಬದಲು 0.220, 195ರ ಬದಲು 135. ಪ್ರೆಸ್ಸಿನ 315ಕ್ಕೆ 69.30ರಲ್ಲಿ 0.43 ಕಳೆದರೆ 68.87. ಗಟ್ಟಿ ಆಯಿಲಿನಲ್ಲಿ ಕಳೆಯೋದು ಇಷ್ಟು ಕಡಿಮೆ ಇರೋದರಿಂದ ಅಲ್ಲಿ ಭಾಗಾಕಾರ ಹೊಂದಿಕೊಂಡಿತ್ತು. ಗ್ರೈಂಡರಿನ ಆಯಿಲ್ ಇಳಿಸಿ, ತೊಳೆದು, 10 ನಂಬರ್ ಹಾಕಿದೆ. ಈಗ ಇಡೀ ಶಿಫ್ಟ್ ಓಡಿದರೂ ಸ್ಪಿಂಡಲ್ ಬರೀ ಬೆಚ್ಚಗಿರುತ್ತೆ.

ಸೆಂಟಿಪಾಯ್ಸ್ ಅಂತ ಗಟ್ಟಿತನದ ಇನ್ನೊಂದು ಅಳತೆ ಇದೆ. ಅದು ಬೇರೆ, ಸೆಂಟಿಸ್ಟೋಕ್ ಬೇರೆ. 60 ಸೆಂಟಿಪಾಯ್ಸ್ ಅಂತ ಬರೆದಿದ್ದರೆ ಆಯಿಲಿನ ಸಾಂದ್ರತೆಯಿಂದ, ಅಂದರೆ 0.87 ಇದ್ದರೆ ಅದರಿಂದ ಭಾಗಿಸಬೇಕು. 69 ಸೆಂಟಿಸ್ಟೋಕ್ ಬರುತ್ತೆ.

ಇನ್ನು ಟೆಂಪರೇಚರ್. ಹರಳೆಣ್ಣೆ ಸ್ವಲ್ಪ ಬಿಸಿ ಮಾಡಿದರೆ ಹೇಗೆ ಸಲೀಸಾಗಿ ಇಳಿಯುತ್ತೆ ಅಂತ ಮನೆಯಲ್ಲಿ ಎಲ್ಲರೂ ನೋಡಿರುತ್ತೀರಿ. ಪ್ರೆಸ್ಸಿನ 100 ಫ್ಯಾರನ್‌ಹೀಟ್ ಅಂದರೆ 37.8 ಸೆಲ್ಸಿಯಸ್. 40ಕ್ಕೆ ಎರಡು ಚಿಲ್ಲರೆ ಡಿಗ್ರಿ ಅಷ್ಟೇ, ಆದರೂ 68.87 ಇದ್ದದ್ದು 62ರ ಹತ್ತಿರ ಇಳಿಯುತ್ತೆ. 68 ನಂಬರಿನ ಕೆಳಗಿನ ಅಂಚಿನೊಳಗೆ ಹೇಗೋ ನಿಂತಿತು.

ನಮ್ಮ ಹಳೆಯ ಜರ್ಮನ್ ಲೇತಿನಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಯಿತು. ಅದರ ಪ್ಲೇಟಿನಲ್ಲಿ '4.5 ಎಂಗ್ಲರ್, 50 ಡಿಗ್ರಿ' ಅಂತಿದೆ. ಎಂಗ್ಲರ್ ಅಂದರೆ 200 ಮಿಲಿಲೀಟರ್ ಆಯಿಲ್ ಇಳಿಯೋಕೆ 20 ಡಿಗ್ರಿಯ ನೀರಿಗಿಂತ ಎಷ್ಟು ಪಟ್ಟು ಹೊತ್ತು ಬೇಕು ಅನ್ನೋದು. 4.5ನ್ನು 7.31ರಿಂದ ಗುಣಿಸಿ, 6.31ನ್ನು 4.5ರಿಂದ ಭಾಗಿಸಿ ಬಂದದ್ದನ್ನು ಕಳೆದೆ. 31.5 ಬಂತು.

ಜೊತೆಗಿದ್ದ ಹುಡುಗ, "ಅಣ್ಣ, 32 ನಂಬರ್ ತರಲಾ?" ಅಂದ.

"ತಡಿ, ಇದು 50 ಡಿಗ್ರಿಯಲ್ಲಿ" ಅಂದೆ.

ಇಬ್ಬರೂ ಕೂತು ಆಯಿಲಿನ ಚಾರ್ಟ್ ನೋಡಿದೆವು. 50 ಡಿಗ್ರಿಯಲ್ಲಿ 32 ನಂಬರ್ ಆಯಿಲ್ 21, 22ಕ್ಕೆ ಇಳಿದಿರುತ್ತೆ. 30ರ ಆಸುಪಾಸು ಇರೋದು 46 ನಂಬರ್. ಅದನ್ನೇ ತರಿಸಿದೆವು. ಆವತ್ತೇ ಆ ಹುಡುಗನ ಕೈಯಲ್ಲಿ ಎಲ್ಲ ಟ್ಯಾಂಕುಗಳ ಮೇಲೂ ಹಳದಿ ಪೇಂಟಿನಲ್ಲಿ ಬರೆಸಿದೆ: ನಂಬರ್, ಸೆಂಟಿಸ್ಟೋಕ್, ಪಕ್ಕದಲ್ಲಿ ಎಷ್ಟು ಡಿಗ್ರಿಯಲ್ಲಿ ಅನ್ನೋದು.