ಡೈರಿಯ ಕರೆಂಟು, ಬಾಯ್ಲರ್ ಖರ್ಚು ಇಳಿಸಿದ್ದು ಹೀಗೆ

ಡೈರಿಯಲ್ಲಿ ಉಳಿತಾಯ ಅಂದ ತಕ್ಷಣ ಎಲ್ಲರೂ ಎಲ್‌ಇಡಿ ಬಲ್ಬು, ಸೋಲಾರ್ ಅಂತ ಶುರು ಮಾಡುತ್ತಾರೆ. ಮೇಂಟೆನೆನ್ಸ್ ವಿಭಾಗದಲ್ಲಿರುವ ನಾನು ಮೊದಲು ನೋಡಿದ್ದು ಹಾಲು ಕಾಯಿಸಿ ತಣಿಸುವ ಪಾಶ್ಚರೈಸರ್‌ನ ಒಂದು ಥರ್ಮಾಮೀಟರ್.

ಹಾಲು 4 ಡಿಗ್ರಿಯಲ್ಲಿ ಒಳಗೆ ಬರುತ್ತದೆ, 72 ಡಿಗ್ರಿಗೆ ಕಾದು 15 ಸೆಕೆಂಡ್ ನಿಲ್ಲುತ್ತದೆ, ಮತ್ತೆ 4ಕ್ಕೆ ಇಳಿಯುತ್ತದೆ. ಕಾದ ಹಾಲಿನ ಬಿಸಿಯನ್ನೇ ತಣ್ಣನೆ ಹಾಲಿಗೆ ಕೊಡುವ ಭಾಗ ರೀಜನರೇಶನ್. ಅದು ಶೇ. 90 ಕೆಲಸ ಮಾಡಿದರೆ ಹಾಲು 65ರವರೆಗೆ ಪುಕ್ಕಟೆ ಕಾಯುತ್ತದೆ. ಉಳಿದ 7 ಡಿಗ್ರಿಗೆ ಮಾತ್ರ ಸ್ಟೀಮ್ ಸಾಕು. ಅದೇ ಶೇ. 80ಕ್ಕೆ ಇಳಿದರೆ? ಸುಮಾರು 14 ಡಿಗ್ರಿ ಸ್ಟೀಮಿನಿಂದಲೇ ಏರಿಸಬೇಕು. ಅಂದರೆ ಡಬಲ್. ಆಚೆ ಕಡೆ ಹಾಲನ್ನು ತಣಿಸುವ ಚಿಲ್ಡ್ ವಾಟರ್ ಮೇಲಿನ ಹೊರೆಯೂ ಡಬಲ್. ಸ್ಟೀಮ್ ಕೊಡುವ ಬಾಯ್ಲರ್, ಆ ನೀರನ್ನು ತಣ್ಣಗಿಡುವ ಕಂಪ್ರೆಸರ್ ಎರಡಕ್ಕೂ ಒಟ್ಟಿಗೆ ಪೆಟ್ಟು!

ನಮ್ಮಲ್ಲಿ ರೀಜನರೇಶನ್‌ನಿಂದ ಹಾಲು 60ರ ಆಸುಪಾಸಿನಲ್ಲಿ ಹೊರಬರುತ್ತಿತ್ತು. ಬಿಸಿ ದಾಟಿಸುವ ಅದರ ಪ್ಲೇಟ್‌ಗಳನ್ನು ಬಿಚ್ಚಿಸಿದೆ. ಬೆರಳಿಗೆ ಒರಟಾಗಿ ಸಿಗುವ ಬಿಳಿ ಮಿಲ್ಕ್‌ಸ್ಟೋನ್, ಅಂದರೆ ಹಾಲಿನ ಖನಿಜಗಳ ಗಟ್ಟಿ ಪದರ ಕೂತಿತ್ತು. ಲೈ (ಕಾಸ್ಟಿಕ್ ಸೋಡಾ) ತೊಳೆತಕ್ಕೆ ಅದು ಹೋಗಲ್ಲ, ಆಸಿಡ್ಡೇ ಬೇಕು. ಆಸಿಡ್ ಸಿಐಪಿ (ಯಂತ್ರ ಬಿಚ್ಚದೆ ಒಳಗೇ ತೊಳೆಯುವುದು) ಸರಿ ಮಾಡಿ, ಹಳೇ ಗ್ಯಾಸ್ಕೆಟ್ ಬದಲಿಸಿದೆವು. ಈಗ ಆ ತಾಪಮಾನವನ್ನು ಪ್ರತಿ ಶಿಫ್ಟ್ ಲಾಗ್‌ಬುಕ್‌ನಲ್ಲಿ ಬರೆಯುತ್ತಾರೆ. ಎರಡು ಡಿಗ್ರಿ ಇಳಿದರೂ ನನಗೆ ಫೋನ್ ಬರುತ್ತದೆ.

ಬಾಯ್ಲರ್ ಕಡೆ ದೊಡ್ಡ ಯಂತ್ರವೇನೂ ತಂದಿಲ್ಲ. ಸ್ಟೀಮ್ ತಣಿದು ಆದ ಬಿಸಿ ನೀರು, ಅಂದರೆ ಕಂಡೆನ್ಸೇಟ್, ಮೋರಿಗೆ ಹೋಗುತ್ತಿತ್ತು, ಪೈಪ್ ಎಳೆದು ಬಾಯ್ಲರ್‌ಗೆ ನೀರು ಕೊಡುವ ಫೀಡ್ ಟ್ಯಾಂಕಿಗೆ ತಿರುಗಿಸಿದೆವು. ಫೀಡ್ ನೀರು 6 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು ಶೇ. 1 ಇಂಧನ ಉಳಿಯುತ್ತದೆ, ಹೊಸ ನೀರಿನ ಗಡಸು ತೆಗೆಯುವ ಸಾಫ್ಟ್‌ನರ್‌ನ ಉಪ್ಪೂ ಉಳಿಯುತ್ತದೆ. ಸ್ಟೀಮ್ ತಡೆದು ನೀರು ಮಾತ್ರ ಹೊರಬಿಡುವ ಸ್ಟೀಮ್ ಟ್ರ್ಯಾಪ್‌ಗಳನ್ನೂ ಒಂದೊಂದಾಗಿ ನೋಡಿ, ಕೆಟ್ಟವನ್ನು ಬದಲಿಸಿದೆವು.

ಚಿಲ್ಡ್ ವಾಟರ್‌ಗಾಗಿ ಮೊದಲೇ ಐಸ್ ಕಟ್ಟಿಡುವ ಟ್ಯಾಂಕ್, ಅಂದರೆ ಐಸ್ ಬ್ಯಾಂಕ್ ವಿಷಯದಲ್ಲಿ ಸ್ವಲ್ಪ ಜಗಳವೇ ಆಯ್ತು. 'ಐಸ್ ಜಾಸ್ತಿ ಇದ್ದರೆ ಧೈರ್ಯ ಸಾರ್' ಅನ್ನುವುದು ಆಪರೇಟರ್‌ಗಳ ವಾದ. ಅವರ ಭಯವೂ ಸುಳ್ಳಲ್ಲ, ಹಾಲು ಕೆಟ್ಟರೆ ಬೈಗುಳ ಅವರಿಗೇ ಅಲ್ವಾ? ಆದರೆ ಕಾಯಿಲ್ ಮೇಲೆ ಐಸ್ ದಪ್ಪವಾದಷ್ಟೂ ಸಕ್ಷನ್ ಪ್ರೆಶರ್ (ಕಂಪ್ರೆಸರ್ ಒಳಗೆಳೆಯುವ ಗ್ಯಾಸಿನ ಒತ್ತಡ) ಕುಸಿಯುತ್ತದೆ, ಅಷ್ಟೇ ಐಸಿಗೆ ಕಂಪ್ರೆಸರ್ ಹೆಚ್ಚು ಕರೆಂಟ್ ತಿನ್ನುತ್ತದೆ. ಬೆಳಗಿನ ಹಾಲಿಗೆ ಎಷ್ಟು ಬೇಕೋ ಅಷ್ಟು ಐಸ್ ಮಾತ್ರ, ಅದೂ ಯೂನಿಟ್ ದರ ಕಡಿಮೆ ಇರುವ ರಾತ್ರಿಯಲ್ಲಿ ಕಟ್ಟುವುದು ಅಂತ ಒಪ್ಪಿಸಿದೆ.

ಸದ್ಯ ನನ್ನ ಕಣ್ಣು ಕಂಪ್ರೆಸರ್‌ನಿಂದ ಬಿಸಿ ಗ್ಯಾಸ್ ಹೊರಬರುವ ಪೈಪ್, ಅಂದರೆ ಅಮೋನಿಯಾ ಡಿಸ್ಚಾರ್ಜ್ ಲೈನ್ ಮೇಲಿದೆ. 100 ಡಿಗ್ರಿ ದಾಟಿದ ಗ್ಯಾಸಿನ ಬಿಸಿಯನ್ನು ಕಂಡೆನ್ಸರ್‌ನಲ್ಲಿ ಸುಮ್ನೆ ಗಾಳಿಗೆ ಬಿಡುತ್ತೇವೆ. ಪಕ್ಕದ ಶೆಡ್‌ನಲ್ಲಿ ಕ್ರೇಟ್ ತೊಳೆಯೋ ನೀರಿಗೆ ಸ್ಟೀಮ್ ಹಾಕುತ್ತೇವೆ. ನಡುವೆ ಆ ಗ್ಯಾಸಿನ ಬಿಸಿಯನ್ನು ನೀರಿಗೆ ದಾಟಿಸುವ ಒಂದು ಡೀಸೂಪರ್‌ಹೀಟರ್ ಕೂರಿಸಲು ಕೊಟೇಶನ್ ಕರೆದಿದ್ದೇನೆ.